ಅಕ್ಕ ತುಂಬಿಸುತ್ತಿದ್ದ ಕಾಲುಚೀಲಗಳು

"ಅಕ್ಕ ಬರಲಿಲ್ವಾ ಈ ಸಲ?"

ಹಾರ್ಡ್‌ವೇರ್ ಅಂಗಡಿಯವನು ಏಣಿಯ ಮೇಲಿಂದಲೇ ಕೇಳಿದ. ಕೈಯಲ್ಲಿ ಚಿಲಕಗಳ ಡಬ್ಬ, ಮುಖದ ತುಂಬ ನಗು.

ಬಾಗಿಲಲ್ಲಿ ನಿಂತಿದ್ದ ಅವಳು ತಲೆಯೆತ್ತಿ ನೋಡಿದಳು.

ಈ ಅಂಗಡಿಯೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಪ್ರತಿ ಸಲ ಅಕ್ಕ ಒಳಗೆ ಹೋದರೆ ಅವಳು ಹೊರಗೆ ಸ್ಕೂಟರ್ ಮೇಲೆಯೇ ಕೂತಿರುತ್ತಿದ್ದಳು. ಈ ಮನುಷ್ಯನ ಜೊತೆ ಒಂದು ಮಾತೂ ಆಡಿದವಳಲ್ಲ. ಆದರೂ ಕಂಡ ಕೂಡಲೇ ಅಕ್ಕನ ತಂಗಿ ಅಂತ ಗುರುತು ಹಿಡಿದನಲ್ಲ!

"ಇಲ್ಲ," ಎಂದಳು.

"ಊರಲ್ಲಿಲ್ವಾ?"

"ಎಲ್ಲೂ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. ನಗು ಇನ್ನೂ ಮುಖದ ಮೇಲೇ ಇತ್ತು.

"ಅಂದ್ರೆ...?"

"ಅಂದ್ರೆ ಸತ್ತೋದ್ಲು!" ಅವಳ ದನಿ ಅಂಗಡಿಯ ಮೂಲೆಮೂಲೆಗೂ ಕೇಳಿಸಿತು. "ಜ್ವರ ಅಂತ ಆಸ್ಪತ್ರೆಗೆ ಹೋದೋಳು ವಾಪಸ್ ಬರ್ಲಿಲ್ಲ. ಸಾಕಾ? ಇನ್ನೂ ಏನಾದ್ರೂ ಕೇಳ್ಬೇಕಾ?"

ಡಬ್ಬ ಅವನ ಕೈಜಾರಿತು. ಚಿಲಕಗಳೆಲ್ಲ ನೆಲದ ತುಂಬ ಚೆಲ್ಲಾಪಿಲ್ಲಿಯಾದವು.

ಅವನು ಏಣಿಯಿಂದ ಇಳಿದು ಬಂದ. ಆದರೆ ಒಂದು ಚಿಲಕವನ್ನೂ ಹೆಕ್ಕಲಿಲ್ಲ. ಅವನ ಕಣ್ಣು ತುಂಬಿದ್ದವು.

'ಗಿರಾಕಿಯೊಬ್ಬಳು ಹೋದಳು ಅಂದರೆ ಅಂಗಡಿಯವನು ಹೀಗೆ ಅಳ್ತಾನಾ...?'

ಆ ಪ್ರಶ್ನೆ ಆಗಲೇ ಅವಳ ಮನಸ್ಸಿನೊಳಗೆ ಸಣ್ಣ ಮುಳ್ಳಿನಂತೆ ಹೊಕ್ಕಿತು. ಆದರೆ ಅವಳಿಗೆ ತಾನು ಕೂಗಾಡಿದ್ದಕ್ಕೇ ನಾಚಿಕೆಯಾಗಿತ್ತು. ಕುಕ್ಕರಗಾಲಲ್ಲಿ ಕೂತು ಚಿಲಕಗಳನ್ನು ಹೆಕ್ಕತೊಡಗಿದಳು. ಅವನೂ ಎದುರಿಗೆ ಕೂತ.

"ಕ್ಷಮಿಸಿ," ಎಂದ ಅವನು. "ನಂಗೆ ಗೊತ್ತಿರ್ಲಿಲ್ಲ."

"ನಾನೂ ಹಾಗೆ ಕಿರುಚಬಾರದಿತ್ತು."

ಮನೆಯಲ್ಲಿ ಅವಳನ್ನು ಎಲ್ಲರೂ ಚಿಕ್ಕಿ ಎನ್ನುತ್ತಿದ್ದರು. ಅಕ್ಕನ ಮಗಳು ಗುಬ್ಬಿ ಮಾತು ಕಲಿತಾಗ ಹಾಗೆ ಕರೆದಳು. ಆಮೇಲೆ ಅಮ್ಮ, ಅಪ್ಪ, ಭಾವ ಎಲ್ಲರಿಗೂ ಅವಳು ಚಿಕ್ಕಿಯೇ ಆದಳು. ಹಲ್ಲಿನ ಸೆಟ್ ತಯಾರಿಸುವ ಲ್ಯಾಬ್‌ನಲ್ಲಿ ಅವಳ ಕೆಲಸ. ಇಡೀ ದಿನ ಗುಲಾಬಿ ಮೇಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸಬೇಕು. ಊರವರ ನಗುವನ್ನೆಲ್ಲ ಜೋಡಿಸಿ ಕೊಡುತ್ತಿದ್ದವಳ ಮನೆಯಲ್ಲಿ ಈಗ ನಗುವವರೇ ಇರಲಿಲ್ಲ.

"ಏನು ಬೇಕಿತ್ತು?" ಅವನು ಮೆಲ್ಲಗೆ ಕೇಳಿದ.

"ಕ್ರಿಸ್‌ಮಸ್ ಕಾಲುಚೀಲಕ್ಕೆ ಹಾಕೋ ಸಣ್ಣಪುಟ್ಟ ಸಾಮಾನು. ಮನೇವ್ರಿಗೆಲ್ಲ."

ಆ ಮನೆಯಲ್ಲಿ ಕ್ರಿಸ್‌ಮಸ್ ಅಂದರೆ ಮೆಟ್ಟಿಲ ಕಂಬಿಗೆ ಸಾಲಾಗಿ ತೂಗುವ ಕೆಂಪು ಕಾಲುಚೀಲಗಳು. ಸಂಪಾದನೆ ಶುರುವಾದ ವರ್ಷದಿಂದ ಅವನ್ನು ತುಂಬಿಸುವ ಕೆಲಸ ಅಕ್ಕನದು. ಮದುವೆಯಾಗಿ ಭಾವನೂ ಇದೇ ಮನೆಗೆ ಬಂದ ಮೇಲೂ ಅದನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವಳದು ಒಂದೇ ಹಟ. ದುಬಾರಿಯದು ಬೇಡ, ದಂಡದ್ದೂ ಬೇಡ. ಕೊಟ್ಟದ್ದು ದಿನಾ ಕೈಗೆ ಬರಬೇಕು. ಒಂದು ವರ್ಷ ಅಪ್ಪನಿಗೆ ಮೂಗಿನ ಕೂದಲು ಕತ್ತರಿಸುವ ಪುಟ್ಟ ಕತ್ತರಿ ಸಿಕ್ಕಿತ್ತು. ಅಪ್ಪ ಅವತ್ತು ಇಡೀ ದಿನ ಎಲ್ಲರಿಗೂ ತೋರಿಸಲೆಂದು ಮೂಗೆತ್ತಿಕೊಂಡೇ ಓಡಾಡಿದ್ದರು!

ಈ ವರ್ಷ ಅಮ್ಮ ಹೇಳಿಬಿಟ್ಟಿದ್ದಳು. "ಈ ಮನೇಲಿ ಇನ್ನು ಯಾರೂ ಕ್ರಿಸ್‌ಮಸ್ ಅನ್ನೋ ಮಾತೆತ್ತಬೇಡಿ."

ಯಾರೂ ಎತ್ತಲಿಲ್ಲ. ಆದರೆ ಗುಬ್ಬಿ ಒಂದು ಬೆಳಗ್ಗೆ ಶಾಲೆಗೆ ಹೊರಡುವಾಗ ಕೇಳಿದ್ದಳು. "ಚಿಕ್ಕಿ, ಅಮ್ಮ ಇಲ್ಲ ಅಂದ್ರೆ ಕಾಲುಚೀಲಾನೂ ಇಲ್ವಾ?"

ಇದೆ ಎಂದು ಅವಳಿಗೆ ಮಾತು ಕೊಟ್ಟಿದ್ದಳು ಚಿಕ್ಕಿ. ಅದಕ್ಕೇ ಇಲ್ಲಿಗೆ ಬಂದಿದ್ದಳು. ದೊಡ್ಡ ಅಂಗಡಿಗಳನ್ನೆಲ್ಲ ಸುತ್ತಿ, ಮಿನುಗುವ ಡಬ್ಬಿಗಳನ್ನೂ ನಗುವ ಗೊಂಬೆಗಳನ್ನೂ ಎತ್ತಿ ನೋಡಿ ಕೆಳಗಿಟ್ಟಿದ್ದಳು. ಯಾವುದೂ ಅಕ್ಕ ಕೊಡುವಂಥದ್ದಾಗಿರಲಿಲ್ಲ.

"ನಿಮ್ಮ ತಾಯಿಗೆ ಈಗ ಯಾವುದು ಕಷ್ಟ ಆಗ್ತಿದೆ?" ಅಂಗಡಿಯವನು ಕೇಳಿದ.

"ಬದುಕೋದು," ಎಂದಳು ಚಿಕ್ಕಿ. "ಅದಕ್ಕೇನಾದ್ರೂ ಇದ್ಯಾ ನಿಮ್ಮ ಅಂಗಡೀಲಿ?"

ಅವನು ಕೊನೆಯ ಚಿಲಕವನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದ.

"ಅದಕ್ಕಿಲ್ಲ," ಎಂದ. "ಬದುಕೋದ್ರೊಳಗೆ ಸಣ್ಣ ಸಣ್ಣ ಕಷ್ಟ ಇರ್ತವಲ್ಲ, ಅದಕ್ಕೆ ಮಾತ್ರ ಇದೆ. ಸ್ವಲ್ಪ ದಿನ ಮನೇವ್ರನ್ನ ಸುಮ್ನೆ ನೋಡಿ. ಆಮೇಲೆ ಬನ್ನಿ."

ಚಿಕ್ಕಿ ನೋಡತೊಡಗಿದಳು.

ಅಕ್ಕ ಹೋದ ಮೇಲೆ ಅವರೆಲ್ಲ ಒಂದೇ ಸೂರಿನಡಿ ಇದ್ದರೂ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ಭಾವ ನಿಂತುಕೊಂಡೇ ಊಟ ಮಾಡುತ್ತಿದ್ದ. ಕೂತರೆ ಪಕ್ಕದ ಖಾಲಿ ಕುರ್ಚಿ ಕಣ್ಣಿಗೆ ಬೀಳುತ್ತದಲ್ಲ! ಬೆಳಗ್ಗೆ ಮಗಳ ಜಡೆ ಹಾಕಲು ಕೂರುತ್ತಿದ್ದ. ಅವನದು ಅಚ್ಚುಕೂಟದಲ್ಲಿ ಕಾಗದದ ರೀಮು ಹೊರುವ ಒರಟು ಕೈ. ಸಣ್ಣ ಹಲ್ಲಿನ ಬಾಚಣಿಗೆ ಸಿಕ್ಕಿಗೆ ಸಿಕ್ಕಿಕೊಳ್ಳುತ್ತಿತ್ತು, ರಬ್ಬರ್ ಬ್ಯಾಂಡು ಕೂದಲನ್ನೇ ಕಿತ್ತು ತರುತ್ತಿತ್ತು. ಗುಬ್ಬಿ ತುಟಿ ಕಚ್ಚಿ ಅಳುತ್ತಿದ್ದಳು, ಭಾವ ಅವಳ ಬೆನ್ನ ಹಿಂದೆ ಅಳುತ್ತಿದ್ದ.

ಅಪ್ಪ ತಮ್ಮ ಅಂಗಿಯ ಗುಂಡಿ ತಾವೇ ಹೊಲಿಯಲು ಕೂತು, ದಾರ ಸೂಜಿಗೆ ಪೋಣಿಸಲಾಗದೆ, ಗುಂಡಿಯಿಲ್ಲದ ಅಂಗಿಯನ್ನೇ ತೊಟ್ಟು ಹೊರಡುತ್ತಿದ್ದರು. ಅಮ್ಮನನ್ನು ಕೇಳಲು ಅವರಿಗೆ ಧೈರ್ಯವಿರಲಿಲ್ಲ.

ಇನ್ನು ಅಮ್ಮ... ಒಂದು ಸಂಜೆ ಅಡುಗೆಮನೆಯಲ್ಲಿ ಸಕ್ಕರೆ ಭರಣಿಯ ಮುಚ್ಚಳವನ್ನು ಎದೆಗೊತ್ತಿಕೊಂಡು ತಿರುಗಿಸುತ್ತಿದ್ದಳು. ಬೆರಳ ಗಂಟುಗಳು ಊದಿದ್ದವು. ಮುಚ್ಚಳ ಜಗ್ಗಲಿಲ್ಲ. ಅಭ್ಯಾಸಬಲದಿಂದ ಬಾಯಿ ತೆರೆದು ಅಕ್ಕನನ್ನು ಕೂಗಹೊರಟವಳು, ಅರ್ಧದಲ್ಲೇ ಬಾಯಿ ಮುಚ್ಚಿಕೊಂಡು ಭರಣಿಯನ್ನು ಮೊದಲಿದ್ದಲ್ಲೇ ಇಟ್ಟಳು. ಸಕ್ಕರೆ ಹಾಕದೆಯೇ ಚಹಾ ಕುಡಿದಳು.

'ಇಷ್ಟು ದಿನ ನನ್ನ ಕಣ್ಣಿಗೆ ಏನಾಗಿತ್ತು?'

ಮರುದಿನ ಲ್ಯಾಬ್ ಮುಗಿಸಿ ಚಿಕ್ಕಿ ನೇರವಾಗಿ ಅಂಗಡಿಗೆ ಹೋದಳು. ಎಲ್ಲವನ್ನೂ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಒಂದು ಡ್ರಾಯರ್‌ನಿಂದ ಅಂಗೈಯಗಲದ ರಬ್ಬರ್ ಹಿಡಿಕೆ ತೆಗೆದು ಅವಳ ಮುಂದಿಟ್ಟ.

"ಇದನ್ನ ಮುಚ್ಚಳದ ಮೇಲಿಟ್ಟು ತಿರುಗಿಸಿದ್ರೆ ಜಾರಲ್ಲ. ನಮ್ಮಮ್ಮ ಇದ್ದಾಗ ಇದನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ರು, ನಾನೆಲ್ಲಿ ಮಾರಿಬಿಡ್ತೀನೋ ಅಂತ!"

ಚಿಕ್ಕಿ ನಕ್ಕುಬಿಟ್ಟಳು.

ಎಷ್ಟೋ ತಿಂಗಳ ನಂತರ ಬಂದ ನಗು. ತನ್ನ ದನಿ ತನಗೇ ಕೇಳಿಸಿದ್ದೇ ತಡ, ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಮಣ್ಣಲ್ಲಿದ್ದಾಳೆ, ನಾನು ನಗ್ತಿದ್ದೀನಿ... ಗಂಟಲಿನಿಂದ ಬಿಕ್ಕು ಒತ್ತರಿಸಿಕೊಂಡು ಬಂತು. ಅಂಗಡಿಯಲ್ಲಿ ಜನವಿದ್ದರು.

ಅವನು ಎದ್ದುಹೋಗಿ ಬೀಗದ ಕೈ ಕೊರೆಯುವ ಯಂತ್ರವನ್ನು ಚಾಲೂ ಮಾಡಿದ. ಕಿರ್ರೆಂಬ ಸದ್ದು ಅಂಗಡಿಯನ್ನೆಲ್ಲ ತುಂಬಿತು. ಆ ಸದ್ದಿನ ಮರೆಯಲ್ಲಿ ಅವಳು ಮನಸಾರೆ ಅತ್ತಳು. ಯಾರಿಗೂ ಕೇಳಿಸಲಿಲ್ಲ. ಅವಳು ಕಣ್ಣೊರೆಸಿಕೊಳ್ಳುವ ತನಕ ಅವನು ಯಾರಿಗೂ ಬೇಡದ ಬೀಗದ ಕೈಗಳನ್ನು ಕೊರೆಯುತ್ತಲೇ ಇದ್ದ.

ಅವತ್ತೇ ಇರಬೇಕು ಅವಳು ಅವನಿಗೆ ಮನಸೋತದ್ದು.

ಆಮೇಲೆ ಒಂದಲ್ಲ ಒಂದು ನೆಪ. ಅಪ್ಪನಿಗೆ ಸೂಜಿಗೆ ದಾರ ಪೋಣಿಸುವ ಪುಟ್ಟ ಸಾಧನ. ಭಾವನಿಗೆ ಅಗಲ ಹಲ್ಲಿನ ಬಾಚಣಿಗೆ, ಬಟ್ಟೆ ಸುತ್ತಿದ ಮೆತ್ತನೆ ಬ್ಯಾಂಡುಗಳು. ಅವು ಅವನ ಅಂಗಡಿಯಲ್ಲಿ ಇರಲಿಲ್ಲ. ಎಲ್ಲಿಂದಲೋ ತಂದಿಟ್ಟಿದ್ದ. ಒಂದು ದಿನ ಗುಬ್ಬಿಯೂ ಜೊತೆಗೆ ಬಂದಳು. ಗಾಜಿನ ಬಾಟಲಿಗಳಲ್ಲಿ ಅಳತೆವಾರು ಜೋಡಿಸಿಟ್ಟ ಮೊಳೆಗಳನ್ನು ಕಣ್ಣರಳಿಸಿ ನೋಡಿ, ಹೊರಡುವಾಗ "ಟಾಟಾ ಮೊಳೆ ಮಾಮ!" ಎಂದಳು. ಅವನ ಕಿವಿ ಕೆಂಪಾಯಿತು. ಚಿಕ್ಕಿ ಬೇಕೆಂದೇ ಬೇರೆಡೆ ನೋಡಿದಳು.

ಲ್ಯಾಬ್ ಬಿಡುವಾಗ ಉಗುರಿನ ಸಂದಿಯ ಮೇಣವನ್ನು ಅವಳು ತಿಕ್ಕಿ ತಿಕ್ಕಿ ತೊಳೆಯತೊಡಗಿದ್ದಳು.

ಆದರೆ ಆ ಸಂತೋಷಕ್ಕೆ ಆಯಸ್ಸು ಕಡಿಮೆಯಿತ್ತು.

ಗುಬ್ಬಿಯ ಕಾಲುಚೀಲಕ್ಕೊಂದು ಪುಟ್ಟ ಟಾರ್ಚು ತರಲು ಹೊರಟ ಸಂಜೆ. ಅಂಗಡಿಯ ಪಕ್ಕದ ಬೇಕರಿಯ ಆಂಟಿ ಅವಳನ್ನು ತಡೆದು ನಿಲ್ಲಿಸಿದಳು.

"ನೀನು ಅವಳ ತಂಗಿಯಂತೆ? ಅಯ್ಯೋ ಪಾಪ! ಅದೇ ಕಣ್ಣು, ಅದೇ ಮೂಗು... ಅಚ್ಚಲ್ಲಿ ಎರಕ ಹೊಯ್ದ ಹಾಗಿದ್ದೀಯಾ. ಅದಕ್ಕೇ ಇವನು ನಿನ್ನ ನೋಡಿ ಮತ್ತೆ ಚೇತರಿಸಿಕೊಂಡಿದ್ದಾನೆ!"

"ಏನಂದ್ರಿ ಆಂಟಿ?"

"ಡಿಸೆಂಬರ್ ಬಂತು ಅಂದ್ರೆ ಸಾಕು, ದಿನಾ ಗಡ್ಡ ಬೋಳಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಿಲಲ್ಲೇ ನಿಂತಿರೋನು. ನಿಮ್ಮಕ್ಕ ಬಂದು ಹೋಗೋ ತನಕ ಒಳಗೆ ಹೋಗ್ತಿರ್ಲಿಲ್ಲ. ಮದುವೆ ಆದ ಹೆಂಗಸು, ಏನ್ ಮಾಡೋದು ಹೇಳು? ಮನಸ್ಸು ಯಾರ ಮಾತು ಕೇಳುತ್ತೆ!"

ಚಿಕ್ಕಿ ಅಂಗಡಿಯ ಬಾಗಿಲ ಕಡೆ ತಿರುಗಿದಳು.

ಮೊದಲ ದಿನ ಕೈಜಾರಿದ ಡಬ್ಬ... ತುಂಬಿದ ಕಣ್ಣು... ಕಂಡ ಕೂಡಲೇ ಗುರುತು ಹಿಡಿದದ್ದು... ಎಲ್ಲಕ್ಕೂ ಅರ್ಥ ಸಿಕ್ಕಿತ್ತು.

ಅವಳು ಸೀದಾ ಒಳಗೆ ಹೋದಳು.

"ಡಿಸೆಂಬರ್ ಬಂದ್ರೆ ಅಕ್ಕನ ದಾರಿ ಕಾಯ್ತಿದ್ರಂತೆ. ನಿಜಾನಾ?"

ಅವನ ಕೈಯಲ್ಲಿದ್ದ ಪೇಂಟ್ ಡಬ್ಬ ಅಲ್ಲೇ ನಿಂತಿತು.

"ಕಾಯ್ತಿದ್ದೆ... ನಿಜ. ಆದ್ರೆ..."

"ಸಾಕು!"

"ಒಂದು ನಿಮಿಷ ನನ್ನ ಮಾತು ಕೇಳಿ..."

"ಏನು ಕೇಳ್ಲಿ? ಅವಳ ಮೂಗು, ಅವಳ ಕಣ್ಣು ಇಟ್ಕೊಂಡು ಬಂದೆ ಅಂತ ತಾನೇ ಇಷ್ಟೆಲ್ಲ ಉಪಚಾರ? ನಾನು ಅವಳಲ್ಲ! ಯಾವತ್ತಿಗೂ ಅವಳಾಗಲ್ಲ!"

ಅವನು ತೆಗೆದಿಟ್ಟಿದ್ದ ಟಾರ್ಚನ್ನು ಕೌಂಟರ್ ಮೇಲೆಯೇ ಬಿಟ್ಟು ಅವಳು ಹೊರಗೋಡಿದಳು.

ಸ್ಕೂಟರ್ ಓಡಿಸುತ್ತಿದ್ದಾಗ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. 'ಸತ್ತ ಅಕ್ಕನ ಮೇಲೆ ಹೊಟ್ಟೆಕಿಚ್ಚು! ಎಂಥ ಹೆಣ್ಣು ನಾನು! ನನ್ನ ಕೂದಲು ಬಾಚಿ, ಹೋಂವರ್ಕ್ ಮಾಡಿಸಿ, ಮೊದಲ ಸಂಬಳದಲ್ಲಿ ನನಗೆ ಚಪ್ಪಲಿ ಕೊಡಿಸಿದವಳು... ಅವಳ ಮೇಲೆ!'

ಮನೆಯೊಳಗೆ ದೀಪ ಹಚ್ಚಿರಲಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಅಮ್ಮ ಅಕ್ಕನ ಕೋಣೆಯ ಮಂಚದ ಮೇಲೆ ಕೂತಿದ್ದಳು. ಬಾಗಿಲಲ್ಲಿ ನೆರಳು ಬಿದ್ದದ್ದೇ ತಡ, ಅಮ್ಮನ ಮುಖ ಅರಳಿತು.

"ಬಂದ್ಯಾ ನನ್ನ ದೊಡ್ಡ ಮಗಳೇ!"

ಚಿಕ್ಕಿ ಹೊಸ್ತಿಲಲ್ಲೇ ನಿಂತಳು.

"ಅಮ್ಮ... ನಾನು."

ಅರಳಿದ ಮುಖ ಮೆಲ್ಲಗೆ ಮುದುಡಿತು.

"ಓ... ನೀನಾ," ಎಂದಳು ಅಮ್ಮ.

ಅಷ್ಟೇ. ಎರಡೇ ಮಾತು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೆತ್ತ ತಾಯಿಗೂ ನಾನು ನಾನಾಗಿ ಬೇಡ. ಪ್ರೀತಿಸಿದವನಿಗೂ ಬೇಡ. ಹಾಗಾದರೆ ನಾನು ಯಾಕಿದ್ದೀನಿ? ಆಸ್ಪತ್ರೆಯಲ್ಲಿ ಆ ಹಾಸಿಗೆ ಮೇಲೆ ನಾನೇ ಮಲಗಬಾರದಿತ್ತಾ...?

ಆದರೂ ಕ್ರಿಸ್‌ಮಸ್ ಹಿಂದಿನ ಸಂಜೆ ಅವಳು ಕಾಲುಚೀಲಗಳನ್ನು ತುಂಬಿದಳು. ಟಾರ್ಚನ್ನು ಬೇರೆ ಅಂಗಡಿಯಿಂದ ತಂದಳು. ಗುಬ್ಬಿಗೆ ಮಾತು ಕೊಟ್ಟಾಗಿತ್ತಲ್ಲ. ಮನಸ್ಸು ಕಲ್ಲಾಗಿತ್ತು. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಬೆಳಗ್ಗೆ ಗುಬ್ಬಿಯ ಕೂಗಿಗೆ ಮನೆಯೆಲ್ಲ ಎದ್ದಿತು.

"ಬಂದಿದೆ! ಕಾಲುಚೀಲ ಬಂದಿದೆ!"

ಅಪ್ಪ, ಭಾವ ಕಣ್ಣುಜ್ಜುತ್ತ ಬಂದರು. ಕೊನೆಗೆ ಅಮ್ಮ ಬಂದಳು. ಮೆಟ್ಟಿಲ ಕಂಬಿಯನ್ನು ನೋಡಿ ಅಲ್ಲೇ ನಿಂತಳು.

"ಯಾರು ಮಾಡಿದ್ದು ಇದನ್ನ?"

"ನಾನಮ್ಮ."

"ಬೇಡ ಅಂದಿರ್ಲಿಲ್ವಾ? ಅವಳ ಕೆಲಸ ನೀನು ಮಾಡಿದ್ರೆ ಅವಳಾಗಿಬಿಡ್ತೀಯಾ? ಅವಳ ಜಾಗ ತುಂಬುತ್ತಾ?"

"ಇಲ್ಲಮ್ಮ!" ಚಿಕ್ಕಿಯ ಕಟ್ಟೆ ಒಡೆಯಿತು. "ನಾನು ಅವಳಾಗಲ್ಲ. ನಂಗೆ ಅವಳಾಗೋದು ಬೇಡ, ನಂಗೆ ಅವಳು ಬೇಕು! ನಿಂಗೆ ಮಗಳು ಹೋದ್ಲು, ಭಾವನಿಗೆ ಹೆಂಡ್ತಿ ಹೋದ್ಲು. ನಂಗೆ ಅಕ್ಕ ಹೋದ್ಲಮ್ಮ... ನನ್ನ ಒಂದು ಸಲಾನಾದ್ರೂ ಯಾರಾದ್ರೂ ಕೇಳಿದ್ರಾ?"

ಅಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿಕ್ಕಿ ಮೆಟ್ಟಿಲ ಮೇಲೆ ಕುಸಿದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಭಾವ ಬಾಚಣಿಗೆ ಹಿಡಿದು ಗುಬ್ಬಿಯನ್ನು ಮುಂದೆ ಕೂರಿಸಿಕೊಂಡ. ಅಗಲ ಹಲ್ಲುಗಳು ಸಿಕ್ಕಿನೊಳಗೆ ನುಸುಳಿ ಹೊರಬಂದವು. ಗುಬ್ಬಿ ಕಣ್ಣು ಬಿಗಿಮುಚ್ಚಿ ನೋವಿಗೆ ಕಾದಳು. ನೋವಾಗಲಿಲ್ಲ.

"ಅಪ್ಪ, ಅಮ್ಮನ ಥರಾನೇ ಬಾಚ್ತಿದ್ದೀಯಾ!"

ಭಾವನ ಕೈ ನಿಂತಿತು. ಅವನು ಚಿಕ್ಕಿಯತ್ತ ತಿರುಗಿದ.

"ನಿನ್ನ ಕಾಲುಚೀಲ ಎಲ್ಲಿ?"

"ನಂಗೆ ಬೇಡ ಭಾವ."

"ನಿಂಗೆ ಈ ಸಲ ಏನು ಕೊಡ್ಬೇಕು ಅಂತ ಅವಳು ಮೊದಲೇ ಯೋಚನೆ ಮಾಡಿಟ್ಟಿದ್ಲು. ನಾನೇ ಮರೆತುಬಿಟ್ಟೆ ನೋಡು. ಯಾವುದು ತಾನೇ ನೆನಪಿತ್ತು ನಂಗೆ..."

"ಏನು?"

"ಸಾಮಾನಲ್ಲ," ಎಂದ ಭಾವ. "ಹುಡುಗ. ಆ ಹಾರ್ಡ್‌ವೇರ್ ಅಂಗಡಿಯೋನು. 'ಪ್ರತಿ ವರ್ಷ ನಂಗೆ ಬಿಲ್ ಹಾಕೋವಾಗ ಅವನ ಕಣ್ಣು ಹೊರಗಡೆ ಸ್ಕೂಟರ್ ಮೇಲೆ ಕೂತಿರೋ ನನ್ನ ತಂಗಿ ಮೇಲೆ ಇರುತ್ತೆ ರೀ, ಲೆಕ್ಕ ತಪ್ಪಿಸ್ಕೋತಾನೆ' ಅಂತ ನಗ್ತಿದ್ಲು. 'ಬರೋ ಡಿಸೆಂಬರಲ್ಲಿ ನಾನು ಹೋಗಲ್ಲ, ಅವಳನ್ನೇ ಒಳಗೆ ಕಳಿಸ್ತೀನಿ' ಅಂತ ಅವನಿಗೂ ಹೇಳಿ ಬಂದಿದ್ಲಂತೆ."

ಚಿಕ್ಕಿ ಮೆಟ್ಟಿಲಿಂದ ಎದ್ದು ನಿಂತಳು.

ಅವನು ಕಾಯುತ್ತಿದ್ದದ್ದು... ನನ್ನನ್ನಾ?

ಅವಳಿಗೆ ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ, ಸ್ಕೂಟರ್ ಚಾಲೂ ಮಾಡಿದ್ದೂ ನೆನಪಿಲ್ಲ.

ಬೀದಿ ಖಾಲಿಯಿತ್ತು. ಅಂಗಡಿಗಳೆಲ್ಲ ಮುಚ್ಚಿದ್ದವು. ಅವನು ಅಂಗಡಿಯ ಮೇಲಿನ ಕೋಣೆಯಲ್ಲೇ ಒಬ್ಬನೇ ಇರುತ್ತಿದ್ದ. ಅವಳು ಸ್ಕೂಟರ್ ನಿಲ್ಲಿಸುವುದರೊಳಗೇ ಮೆಟ್ಟಿಲಿಳಿದು ಬಂದ. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಾಗಿದ್ದವು.

"ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು.

"ನಿಮ್ಮ ಭಾವ ಹೇಳಿದ್ರಾ?"

"ಯಾಕೆ ಹೇಳ್ಲಿಲ್ಲ ಅಂದೆ!"

ಅವನು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತ.

"ಹೇಗೆ ಹೇಳ್ಲಿ? ನೀವು ಒಳಗೆ ಬಂದಾಗ ನಿಮ್ಮಕ್ಕ ಮಾತು ಉಳಿಸ್ಕೊಂಡ್ರು, ನಿಮ್ಮನ್ನ ಕಳಿಸಿದ್ರು ಅಂತ ಹಿಗ್ಗಿ ಹೋಗಿದ್ದೆ. ಅದೇ ಹಿಗ್ಗಲ್ಲಿ ಅವರನ್ನ ಕೇಳ್ದೆ. ನೀವು ಸತ್ತೋದ್ಲು ಅಂದ್ರಿ... ಅಷ್ಟು ನೋವಲ್ಲಿರೋರ ಮುಂದೆ ನಿಂತು, ನಿಮ್ಮಕ್ಕ ನನಗೊಂದು ಮಾತು ಕೊಟ್ಟಿದ್ರು ಅಂತ ಯಾವ ಬಾಯಲ್ಲಿ ಹೇಳ್ಲಿ? ಹೇಳಿದ್ರೆ ನಿಮ್ಮ ದುಃಖಾನ ಬಳಸ್ಕೊಂಡ ಹಾಗಾಗ್ತಿತ್ತು."

ಚಿಕ್ಕಿಯೂ ಪಕ್ಕದಲ್ಲಿ ಕೂತಳು.

"ನನ್ನಲ್ಲಿ ನಿಮಗೆ ಅಕ್ಕ ಕಾಣಲ್ವಾ?"

"ಅವರು ಚೌಕಾಸಿ ಮಾಡೋರು, ನೀವು ಜಗಳ ಆಡ್ತೀರಿ." ಅವನು ನಗಲು ನೋಡಿದ. "ಅವರು ಒಳಗೆ ಸಾಮಾನು ಆರಿಸೋವಾಗ ನೀವು ಹೊರಗೆ ಹೆಲ್ಮೆಟ್ ಹಾಕ್ಕೊಂಡೇ ಹಾಡ್ತಿದ್ರಿ. ಅದರೊಳಗಿಂದ ಹಾಡಿದ್ರೆ ಯಾರಿಗೂ ಕೇಳಲ್ಲ ಅಂದ್ಕೊಂಡಿದ್ರಿ. ಇಡೀ ಬೀದಿಗೆ ಕೇಳ್ತಿತ್ತು. ಶ್ರುತಿ ಅನ್ನೋದು ಹತ್ತಿರಾನೂ ಸುಳೀತಿರ್ಲಿಲ್ಲ. ಅದನ್ನ ಕೇಳೋಕೇ ನಾನು ಬಾಗಿಲಲ್ಲಿ ನಿಲ್ತಿದ್ದಿದ್ದು."

ಚಿಕ್ಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತನ್ನನ್ನು ತಾನಾಗಿಯೇ, ತನ್ನ ಅಪಸ್ವರದ ಸಮೇತ, ಒಬ್ಬರು ನೋಡಿದ್ದರು. ಅದನ್ನು ಮೊದಲು ಕಂಡುಹಿಡಿದವಳು ಅಕ್ಕ. ಈ ಸಂತೋಷವನ್ನು ಹೇಳಿಕೊಳ್ಳಬೇಕಾಗಿದ್ದದ್ದೂ ಅವಳ ಹತ್ತಿರವೇ. ಅವಳೇ ಇರಲಿಲ್ಲ.

"ನಾನೀಗ ಸರಿಯಿಲ್ಲ," ಎಂದಳು ಬಿಕ್ಕುತ್ತ. "ನಮ್ಮನೇನೂ ಸರಿಯಿಲ್ಲ. ಬೇಗ ಸರಿಹೋಗೋ ಹಾಗೂ ಕಾಣಲ್ಲ."

"ಗೊತ್ತು."

"ಅಮ್ಮ ನಿಮ್ಮನ್ನ ಮಾತಾಡ್ಸದೇ ಇರಬಹುದು. ನನ್ನನ್ನೇ ಮಾತಾಡ್ಸಲ್ಲ."

"ಪರವಾಗಿಲ್ಲ. ಬಾಗಿಲಾಚೆ ಕೂತಿರ್ತೀನಿ. ಕಾಯೋದು ನಂಗೆ ಅಭ್ಯಾಸ ಇದೆ."

"ಅದು ಗೊತ್ತಾಯ್ತು! ಒಂದು ಮಾತು ಹೇಳೋಕೆ ಇಷ್ಟು ವರ್ಷ ತಗೊಂಡೋರಲ್ವಾ ನೀವು? ಇನ್ನೂ ಆ ಮಾತು ಹೇಳೇ ಇಲ್ಲ!"

ಅವನು ಅವಳ ಕೈ ಹಿಡಿದ. ಬೆರಳು ತಣ್ಣಗಿದ್ದವು.

"ನೀವಂದ್ರೆ ನಂಗೆ ಪ್ರಾಣ," ಎಂದ. "ನಗೋವಾಗ್ಲೂ, ಅಳೋವಾಗ್ಲೂ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಕಣ್ಣೀರು ನಿಲ್ಲಲಿಲ್ಲ. ನಿಲ್ಲಲಿ ಎಂದು ಅವನೂ ಹೇಳಲಿಲ್ಲ.

"ಮನೆಗೆ ಹೋಗೋಣ್ವಾ?" ಬಹಳ ಹೊತ್ತಿನ ಮೇಲೆ ಅವನು ಕೇಳಿದ.

"ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ಲಾ?"

"ಇರಿ."